ತೊಳೆದ ನೀರಿನಲ್ಲಿ ಹೋದ ಹಣ್ಣು

ಹಣ್ಣಿನ ಕೆಲಸ ಮಾಡುವವರ ಪುಸ್ತಕದಲ್ಲಿ ಎಷ್ಟು ಮೂಟೆ ಬಂತು, ಎಷ್ಟು ಬಾಟಲಿ ತುಂಬಿತು, ಎಷ್ಟು ಸಿಪ್ಪೆ ತಿಪ್ಪೆಗೆ ಹೋಯಿತು ಎಂಬುದೆಲ್ಲ ಬರೆದಿರುತ್ತದೆ. ಗಟಾರದಲ್ಲಿ ಎಷ್ಟು ಹಣ್ಣು ಹೋಯಿತು ಎಂಬ ಲೆಕ್ಕ ಮಾತ್ರ ಇರುವುದಿಲ್ಲ. ಯಾದಗಿರಿ ಜಿಲ್ಲೆಯ ವಡಗೇರಾದಲ್ಲಿ ನಮ್ಮದೊಂದು ಸಣ್ಣ ಘಟಕವಿದೆ. ಓಣಿಯ ಹೆಣ್ಣುಮಕ್ಕಳು ಸೇರಿ ಲಿಂಬಿಕಾಯಿ ಉಪ್ಪಿನಕಾಯಿ, ಹುಣಸೆ ತೊಕ್ಕು ಮಾಡುತ್ತೇವೆ. ಬೇಸಿಗೆಯಲ್ಲಿ ಲಿಂಬಿ ಶರಬತ್ತೂ ಇರುತ್ತದೆ. ಧಾರವಾಡದಲ್ಲಿ ರಸಾಯನಶಾಸ್ತ್ರ ಓದಿ ಬಂದವಳಾದ್ದರಿಂದ ಬಾಟಲಿಯೊಳಗೆ ಹೋಗುವುದಷ್ಟೇ ಅಲ್ಲ, ಪಾತ್ರೆ ತೊಳೆದ ನೀರಿನಲ್ಲಿ ಹೋಗುವುದರ ಮೇಲೂ ನನ್ನ ಕಣ್ಣು. ಜೊತೆಯವರಿಗೆ ಇದು ತಮಾಷೆ. ‘ಅಕ್ಕೋರೆ, ಹೊಲಸ ನೀರಾಗ ಏನ್ ಹುಡುಕ್ತೀರಿ? ಅದರಾಗ ಏನದರೀ?’ ಎನ್ನುತ್ತಾರೆ.

ಕೇಳಬೇಕಾದ ಪ್ರಶ್ನೆಯೇ. ಉತ್ತರ ಚಿಕ್ಕದು: ಆ ನೀರಿನಲ್ಲಿ ಇರುವುದು ಹಣ್ಣೇ. ಹುಣಸೆ ನೆನೆಸಿದ ಡಬರಿ ತೊಳೆದರೆ ಹುಳಿ, ಸಕ್ಕರೆ, ಬಣ್ಣ, ಅಂಟು ಇಳಿಯುತ್ತವೆ. ಲಿಂಬಿ ಹಿಂಡಿದ ಪಾತ್ರೆಯಿಂದ ಹುಳಿಯ ಜೊತೆ ಸಿಪ್ಪೆಯ ಎಣ್ಣೆಯೂ ಇಳಿಯುತ್ತದೆ. ಚರ್ಮ ಹದ ಮಾಡುವ ಕಾರ್ಖಾನೆಯ ನೀರಿನಲ್ಲಿರುವಂತೆ ಇಲ್ಲಿ ಹೊರಗಿನಿಂದ ತಂದ ವಿಷವೇನೂ ಇಲ್ಲ. ಆದರೂ ಇದನ್ನು ಹಳ್ಳಕ್ಕೆ ಬಿಟ್ಟರೆ ಮೀನು ಸಾಯುತ್ತವೆ. ಎರಡೂ ನಿಜ ಹೇಗೆ ಎಂಬಲ್ಲಿಂದಲೇ ಶುರು ಮಾಡಬೇಕು.

ಒಂದು ಚಮಚ ಸಕ್ಕರೆಯ ಭಾರ

ನೀರಿನಲ್ಲಿ ಸಕ್ಕರೆಯೋ ಹುಳಿಯೋ ಕರಗಿದ್ದರೆ ಸೂಕ್ಷ್ಮಜೀವಿಗಳು ಅದನ್ನು ತಿಂದು ಬೆಳೆಯುತ್ತವೆ. ತಿನ್ನುವಾಗ ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಎಳೆದುಕೊಳ್ಳುತ್ತವೆ. ಹೀಗೆ ಎಷ್ಟು ಆಮ್ಲಜನಕ ಬೇಕಾಗುತ್ತದೆ ಎಂಬ ಅಳತೆಗೆ ಬಿಓಡಿ ಎಂದು ಹೆಸರು. ಪರಿಸರ ಸಂರಕ್ಷಣೆಯ ನಿಯಮಗಳ ಪ್ರಕಾರ ಹಳ್ಳ, ಹೊಳೆ, ಕೆರೆಗೆ ಬಿಡುವ ನೀರಿನ ಬಿಓಡಿ ಲೀಟರಿಗೆ 30 ಮಿಲಿಗ್ರಾಂ ಮೀರಬಾರದು. ಹೊಲಕ್ಕೆ ಹಾಯಿಸುವುದಾದರೆ 100ರ ತನಕ ನಡೆಯುತ್ತದೆ.

ಈಗ ಒಂದು ಲೀಟರ್ ಶುದ್ಧ ನೀರಿಗೆ ಒಂದು ಸಣ್ಣ ಚಮಚ, ಅಂದರೆ ಸುಮಾರು 5 ಗ್ರಾಂ ಸಕ್ಕರೆ ಹಾಕಿ ಕದಡಿ. ಕುಡಿದರೆ ಸಿಹಿ ಕೂಡ ಸರಿಯಾಗಿ ಗೊತ್ತಾಗದು. ಆದರೆ ಅದರ ಬಿಓಡಿ ಆಗಲೇ ಮೂರು ಸಾವಿರ ಮಿಲಿಗ್ರಾಂ ದಾಟಿರುತ್ತದೆ. ನಿಯಮದ ನೂರು ಪಟ್ಟು. ನಮ್ಮ ಕಡೆಯ ಬಿಸಿಲಿಗೆ 30 ಡಿಗ್ರಿ ಮುಟ್ಟಿದ ಕೆರೆ ನೀರಿನಲ್ಲಿ ಲೀಟರಿಗೆ ಹೆಚ್ಚೆಂದರೆ ಏಳೂವರೆ ಮಿಲಿಗ್ರಾಂ ಆಮ್ಲಜನಕ ಕರಗಿರುತ್ತದೆ. ಅಂದರೆ ಆ ಒಂದು ಲೀಟರ್ ಸಕ್ಕರೆ ನೀರು ನಾನೂರು ಲೀಟರ್ ಕೆರೆ ನೀರಿನ ಉಸಿರು ನುಂಗಬಲ್ಲದು. ಹಣ್ಣಿನ ಘಟಕದ ನೀರಿಗೆ ಕೆಲವೇ ತಾಸಿನಲ್ಲಿ ವಾಸನೆ ಬರುವುದೂ ಇದೇ ಕಾರಣಕ್ಕೆ. ಆಮ್ಲಜನಕ ಮುಗಿದ ಮೇಲೆ ಅದಿಲ್ಲದೆ ಬದುಕುವ ಜೀವಿಗಳ ರಾಜ್ಯ ಶುರುವಾಗುತ್ತದೆ.

ಮೇಲಿನ ಲೆಕ್ಕವನ್ನು ತಿರುಗಿಸಿ ನೋಡಿದರೆ ಇನ್ನೊಂದು ಮಾತು ಹೊಳೆಯುತ್ತದೆ. ಬಿಓಡಿ ಎಂದು ಮಾಲಿನ್ಯದವರು ಬರೆದುಕೊಳ್ಳುವುದೂ, ನಾವು ದುಡ್ಡು ಕೊಟ್ಟು ತಂದ ಹಣ್ಣಿನ ಸತ್ವವೂ ಬೇರೆ ಬೇರೆ ಅಲ್ಲ. ನೀರಿನಿಂದ ಎಷ್ಟು ತೆಗೆದುಕೊಳ್ಳುತ್ತೇವೋ ಮಾಲಿನ್ಯ ಅಷ್ಟೇ ಇಳಿಯುತ್ತದೆ. ತೆಗೆಯುವುದು ಹೇಗೆ, ತೆಗೆದದ್ದು ಗಿಟ್ಟುತ್ತದೆಯೇ ಎಂಬುದೇ ಉಳಿದ ಪ್ರಶ್ನೆ.

ಚೊಗರು ಚೆಲ್ಲದ ಊರು

ಇದಕ್ಕೆ ನಾನು ಕಂಡ ಒಳ್ಳೆಯ ಉತ್ತರ ಯಾವ ಪ್ರಯೋಗಾಲಯದಲ್ಲೂ ಇರಲಿಲ್ಲ, ಸಾಗರದ ಕಡೆಯ ಒಂದು ಅಡಿಕೆ ಮನೆಯ ಒಲೆಯ ಮೇಲಿತ್ತು. ಧಾರವಾಡದಲ್ಲಿ ನನ್ನ ಕೋಣೆಯಲ್ಲೇ ಇದ್ದ ಗೆಳತಿ ಅಲ್ಲಿಗೆ ಸೊಸೆಯಾಗಿ ಹೋದವಳು. ಕೊಯ್ಲಿನ ಹಂಗಾಮಿನಲ್ಲಿ ಅವಳ ಮನೆಗೆ ಹೋದಾಗ ಅಂಗಳದ ತುಂಬ ಸುಲಿಯುವವರು ಕುಳಿತಿದ್ದರು, ಪಕ್ಕದಲ್ಲಿ ದೊಡ್ಡ ಹಂಡೆ ಕುದಿಯುತ್ತಿತ್ತು.

ಕರಾವಳಿಯವರು ಅಡಿಕೆಯನ್ನು ಹಣ್ಣಾಗಲು ಬಿಟ್ಟು, ಇಡಿಯಾಗಿ ಒಣಗಿಸಿ ಚಾಲಿ ಮಾಡುತ್ತಾರೆ. ಮಲೆನಾಡಿನವರ ಕೆಂಪಡಿಕೆಯ ದಾರಿ ಬೇರೆ. ಕಾಯಿ ಎಳೆಯದಾಗಿರುವಾಗಲೇ, ಹಸಿರು ಬಣ್ಣದಲ್ಲೇ ಕೊಯ್ದು, ಸಿಪ್ಪೆ ಸುಲಿದು, ಬೇಯಿಸಿ, ಒಣಗಿಸುತ್ತಾರೆ. ಬೇಯುವಾಗ ಅಡಿಕೆಯ ಒಗರು ನೀರಿಗೆ ಬಿಡುತ್ತದೆ. ನೀರು ಮೊದಲು ಕಂದು, ಆಮೇಲೆ ಗಾಢ ಕೆಂಪಾಗುತ್ತದೆ. ಅದೇ ಚೊಗರು.

ಬೆಂದ ಅಡಿಕೆಯನ್ನು ಜಾಲರಿಯಿಂದ ಎತ್ತಿ ಹರಡುತ್ತಿದ್ದ ಗೆಳತಿಯ ಅತ್ತೆಯನ್ನು ನಾನು ಕೇಳಿದ್ದು ಹಣ್ಣಿನ ಘಟಕದವಳ ಪ್ರಶ್ನೆ: ‘ಈ ನೀರನ್ನ ಎಲ್ಲಿ ಬಿಡ್ತೀರಿ, ಅಮ್ಮ?’ ಅವರು ಜಾಲರಿ ಹಿಡಿದ ಕೈ ಹಾಗೇ ನಿಲ್ಲಿಸಿ ನನ್ನ ಮುಖ ನೋಡಿದರು. ‘ಚೊಗರು ಚೆಲ್ಲೋದಾ? ಯಾರಾದ್ರೂ ಚೆಲ್ತಾರಾ ಮಾರಾಯ್ತಿ! ಅದನ್ನ ಚೆಲ್ಲಿದ್ರೆ ನಾಳೆಯ ಅಡಿಕೆಗೆ ಬಣ್ಣ ಎಲ್ಲಿಂದ ತರ್ಲಿ?’

ಅವರು ಹೇಳಿದ ಕ್ರಮ ಹೀಗೆ. ಇಂದು ಬೇಯಿಸಿದ ನೀರಿನಲ್ಲೇ ನಾಳಿನ ಅಡಿಕೆ ಬೇಯುತ್ತದೆ. ಆವಿಯಾದಷ್ಟು ಹೊಸ ನೀರು ಬೀಳುತ್ತದೆ. ಬೇಯಿಸಿದಂತೆಲ್ಲ ಚೊಗರು ದಪ್ಪಗಾಗುತ್ತ ಹೋಗುತ್ತದೆ. ದಪ್ಪ ಚೊಗರು ಅಡಿಕೆಯ ಮೈಗೆ ಹತ್ತಿದರೆ ಬಣ್ಣವೂ ಹೊಳಪೂ ಬರುತ್ತವೆ, ಮಂಡಿಯಲ್ಲಿ ಧಾರಣೆ ನಿಲ್ಲುವುದು ಅದರ ಮೇಲೆ. ಹಂಗಾಮು ಮುಗಿದ ಮೇಲೂ ಉಳಿದ ಚೊಗರನ್ನು ಡ್ರಮ್ಮಿನಲ್ಲಿ ಕಾಪಿಟ್ಟು ಮುಂದಿನ ವರ್ಷದ ಮೊದಲ ಬೇಯಿಸುವಿಕೆಗೆ ತೆಗೆಯುತ್ತಾರೆ. ಹೆಚ್ಚಿದ್ದವರು ಮಾರುತ್ತಾರೆ, ಇಲ್ಲದವರು ಕೊಳ್ಳುತ್ತಾರೆ.

ನನ್ನ ಪಾಠಪುಸ್ತಕದ ಮಾತಿನಲ್ಲಿ ಹೇಳುವುದಾದರೆ ಚೊಗರಿನ ಮುಖ್ಯ ಸರಕು ಟ್ಯಾನಿನ್. ಗಿಡಗಳು ಮಾಡಿಕೊಳ್ಳುವ ಪಾಲಿಫಿನಾಲ್ ಎಂಬ ದೊಡ್ಡ ಕುಟುಂಬಕ್ಕೆ ಸೇರಿದ್ದು. ಪ್ರೋಟೀನನ್ನು ಕಂಡರೆ ಗಟ್ಟಿಯಾಗಿ ಹಿಡಿದುಕೊಳ್ಳುವುದು ಇದರ ಗುಣ. ಎಂಜಲಿನ ಪ್ರೋಟೀನನ್ನು ಹಿಡಿಯುವುದರಿಂದಲೇ ಅಡಿಕೆ, ಬಾಳೆಕಾಯಿ, ಅಳಲೆಕಾಯಿ ಬಾಯಿಗೆ ಒಗರು. ಹಸಿ ಚರ್ಮದ ಪ್ರೋಟೀನನ್ನು ಹಿಡಿಯುವುದರಿಂದ ಚರ್ಮ ಹದವಾಗುತ್ತದೆ. ಸೂಕ್ಷ್ಮಜೀವಿಗಳಿಗೂ ಇದು ಸುಲಭದ ತುತ್ತಲ್ಲ. ಕೊಳಚೆ ಶುದ್ಧೀಕರಣದವರಿಗೆ ತಲೆನೋವಾಗುವ ಈ ಗುಣವೇ ಚೊಗರು ವರ್ಷಗಟ್ಟಲೆ ಕೆಡದೆ ಉಳಿಯಲೂ ನೆರವಾಗುತ್ತದೆ.

ಚೊಗರಿನ ಪಯಣ ಹಂಡೆಯಲ್ಲೇ ನಿಲ್ಲಲಿಲ್ಲ. ಸಾಗರ ತಾಲ್ಲೂಕಿನ ಹೆಗ್ಗೋಡಿನ ಬಳಿ, ಭೀಮನಕೋಣೆಯಲ್ಲಿ ರಂಗಕರ್ಮಿ ಪ್ರಸನ್ನ 1990ರ ದಶಕದಲ್ಲಿ ಹಳ್ಳಿಯ ಹೆಣ್ಣುಮಕ್ಕಳ ಜೊತೆ ಕಟ್ಟಿದ ‘ಚರಕ’ ಸಹಕಾರ ಸಂಘ ಕೈಮಗ್ಗದ ಬಟ್ಟೆಗೆ ಸಹಜ ಬಣ್ಣ ಹಾಕುತ್ತದೆ. ಅಲ್ಲಿ ಅಡಿಕೆ ಚೊಗರು ಒಂದು ಮುಖ್ಯ ಬಣ್ಣ. ಹತ್ತಿಯ ನೂಲು ಸಹಜ ಬಣ್ಣವನ್ನು ಸುಲಭಕ್ಕೆ ಹಿಡಿಯುವುದಿಲ್ಲ, ನಡುವೆ ಒಂದು ಕೊಂಡಿ ಬೇಕು. ಪಟಿಕದ ಜೊತೆ ಟ್ಯಾನಿನ್ ಕಂದುಗೆಂಪಿನ ಬಣ್ಣಗಳನ್ನು ಕೊಡುತ್ತದೆ, ಕಬ್ಬಿಣದ ಅಂಶ ತಾಗಿದರೆ ಬೂದು, ಕಪ್ಪಿಗೆ ತಿರುಗುತ್ತದೆ. ಅಡಿಕೆ ಮನೆಯ ಬೇಯಿಸಿದ ನೀರು ಹೀಗೆ ಸೀರೆ, ಜುಬ್ಬಗಳ ಮೈಮೇಲೆ ಬರುತ್ತದೆ.

ಬಟ್ಟೆಯ ದಾರಿ ನನಗೆ ಇನ್ನೊಂದು ಕಾರಣಕ್ಕೂ ಮುಖ್ಯವೆನಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2003ರಲ್ಲಿ ಅಡಿಕೆಯನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿತು. ಮುಂದೆ ಜಗಿಯುವವರು ಕಡಿಮೆಯಾದರೆ ಅಡಿಕೆಯವರಿಗೆ ಬಾಯಿಯ ಹೊರಗಿನ ಮಾರುಕಟ್ಟೆ ಬೇಕಾಗುತ್ತದೆ. ಬಣ್ಣ, ಚರ್ಮ ಹದ, ಹಲಗೆ ಅಂಟಿಸುವ ಅಂಟು, ಈ ಮೂರಕ್ಕೂ ಟ್ಯಾನಿನ್ ಒದಗುತ್ತದೆ.

ಕಟ್ಟಿಗೆಯ ಲೆಕ್ಕ

ಊರಿಗೆ ಮರಳುವ ಬಸ್ಸಿನಲ್ಲಿ ತಲೆಯಲ್ಲಿ ಕೊರೆಯುತ್ತಿದ್ದ ಪ್ರಶ್ನೆ: ಮಲೆನಾಡಿನವರಿಗೆ ಗಿಟ್ಟಿದ್ದು ನಮಗೆ ಯಾಕೆ ಗಿಟ್ಟುವುದಿಲ್ಲ? ಅವರದು ಒಂದೇ ನೀರು. ದಿನ ಕಳೆದಂತೆ ದಪ್ಪಗಾಗುವ ನೀರು. ನಮ್ಮದು ಪ್ರತಿ ಡಬರಿಗೂ ಹೊಸ ನೀರು. ತೊಳೆಯುತ್ತ ತೊಳೆಯುತ್ತ ತೆಳ್ಳಗಾಗುವ ನೀರು.

ಸಾವಿರ ಲೀಟರ್ ನೀರಿನಲ್ಲಿ, ಲೀಟರಿಗೆ ಒಂದು ಗ್ರಾಂನಂತೆ, ಒಂದು ಕಿಲೋ ಬೆಲೆಬಾಳುವ ವಸ್ತು ಇದೆ ಎಂದುಕೊಳ್ಳಿ. ನೀರನ್ನು ಕುದಿಸಿ ಇಂಗಿಸಿಯೇ ಅದನ್ನು ಪಡೆಯುವುದಾದರೆ, ಕುದಿಯುವ ಒಂದು ಲೀಟರ್ ನೀರು ಆವಿಯಾಗಲು ಸುಮಾರು 2260 ಕಿಲೋಜೂಲ್ ಶಾಖ ಬೇಕು. ಸಾವಿರ ಲೀಟರಿಗೆ ನೂರೈವತ್ತು ಕಿಲೋ ಒಣ ಕಟ್ಟಿಗೆಯ ಶಾಖ ಒಂದು ಚೂರೂ ಪೋಲಾಗದೆ ಹತ್ತಬೇಕು. ನಮ್ಮ ಒಲೆಗಳಲ್ಲಿ ಅದರ ಹಲವು ಪಟ್ಟು ಉರಿಸಬೇಕಾದೀತು. ಅದೇ ಒಂದು ಕಿಲೋ ನೂರು ಲೀಟರಿನಲ್ಲಿದ್ದರೆ ಕಟ್ಟಿಗೆ ಹತ್ತನೇ ಒಂದು ಪಾಲು. ವಸ್ತು ಅಷ್ಟೇ, ಬೆಲೆ ಅಷ್ಟೇ. ಲಾಭ ನಷ್ಟ ತೀರ್ಮಾನಿಸಿದ್ದು ನೀರು.

ಕಾಫಿಯವರೂ ಈ ಪಾಠಕ್ಕೇ ಬಂದರು. ಕಾಫಿ ಬೀಜ ಎನ್ನುತ್ತೇವೆ, ಗಿಡದಲ್ಲಿ ಅದು ಹಣ್ಣು. ಕೊಡಗು, ಚಿಕ್ಕಮಗಳೂರಿನಲ್ಲಿ ಪಲ್ಪರ್ ಹಾಕಿ ಹಣ್ಣಿನ ಸಿಪ್ಪೆ ತೆಗೆದು, ಬೀಜಕ್ಕೆ ಅಂಟಿದ ಲೋಳೆ ತೊಳೆದಾಗ ಬರುವ ನೀರಿನಲ್ಲಿ ಸಕ್ಕರೆ ಮತ್ತು ಪೆಕ್ಟಿನ್ ತುಂಬಿರುತ್ತವೆ. ಕಾವೇರಿ, ಹೇಮಾವತಿ, ಭದ್ರೆಯ ಹಳ್ಳಕೊಳ್ಳಗಳಿಗೆ ಈ ನೀರು ಇಳಿಯುವುದು ದೊಡ್ಡ ತಕರಾರಾಗಿ, ತೋಟದಲ್ಲೇ ಗುಂಡಿ ಮಾಡಿ ನಿಲ್ಲಿಸಿ ಶುದ್ಧ ಮಾಡಬೇಕೆಂಬ ಕಟ್ಟಳೆ ಬಂತು. ಕೊಲಂಬಿಯಾ ದೇಶದ ಕಾಫಿ ಸಂಶೋಧನಾ ಕೇಂದ್ರ ಸೆನಿಕಾಫೆ 1990ರ ದಶಕದಲ್ಲಿ ಬೇರೆ ತುದಿಯಿಂದ ಹೊರಟಿತು. ಲೋಳೆಯನ್ನು ನೀರಿನಲ್ಲಿ ತೊಳೆಯುವ ಬದಲು ಯಂತ್ರದಲ್ಲಿ ತಿಕ್ಕಿ ತೆಗೆದರು. ಒಂದು ಕಿಲೋ ಒಣ ಕಾಫಿಗೆ ಸುಮಾರು 40 ಲೀಟರ್ ಬೇಕಾಗಿದ್ದ ನೀರು ಒಂದು ಲೀಟರಿನ ಆಸುಪಾಸಿಗೆ ಇಳಿಯಿತು. ಹೊರಬಂದ ದಪ್ಪ ಲೋಳೆಯನ್ನು ಸಿಪ್ಪೆಯ ಜೊತೆಗೇ ಬೆರೆಸಿ ಗೊಬ್ಬರಕ್ಕೆ ಹಾಕುವಂತಾಯಿತು. ಪಂಪು, ಗುಂಡಿ, ರಾಸಾಯನಿಕದ ಖರ್ಚಿಗೆ ಮೊದಲು ನಲ್ಲಿ ತಿರುಗಿಸಿದವರ ಜಾಣತನ ಇದು.

ನೀರಿನಿಂದ ಹೆಕ್ಕುವ ದಾರಿಗಳು

ದೊಡ್ಡ ಕಾರ್ಖಾನೆಗಳಿಗೆ ಕಟ್ಟಿಗೆಯ ಹೊರತಾಗಿ ಬೇರೆ ದಾರಿಗಳಿವೆ.

ಮೊದಲನೆಯದು ಜರಡಿ. ಪೊರೆ ಎನ್ನುವ ಈ ಜರಡಿಯ ಕಣ್ಣು ಕಾಣದಷ್ಟು ಸಣ್ಣದು. ಒಂದು ಪೊರೆ ನಾರು, ತಿರುಳಿನ ಚೂರು ತಡೆಯುತ್ತದೆ, ಅದಕ್ಕಿಂತ ಸಣ್ಣ ಕಣ್ಣಿನದು ಪೆಕ್ಟಿನ್, ಪ್ರೋಟೀನ್ ತಡೆಯುತ್ತದೆ. ಇನ್ನೂ ಬಿಗಿಯಾದದ್ದು ಬಣ್ಣ ಮತ್ತು ಸಕ್ಕರೆಯನ್ನು ಹಿಡಿಯುತ್ತದೆ. ಕೊನೆಯದು ನಮ್ಮೂರುಗಳ ಶುದ್ಧ ನೀರಿನ ಘಟಕದಲ್ಲಿರುವ ಆರ್‌ಓ. ಅದು ನೀರೊಂದನ್ನೇ ಹೆಚ್ಚುಕಡಿಮೆ ಬಿಡುತ್ತದೆ. ಸಾಲಾಗಿ ಇಟ್ಟರೆ ಒಂದೊಂದು ಮೆಟ್ಟಿಲಲ್ಲಿ ಒಂದೊಂದು ಸರಕು ದಪ್ಪಗಾಗಿ ಉಳಿಯುತ್ತದೆ, ತುದಿಯಲ್ಲಿ ಮತ್ತೆ ತೊಳೆಯಲು ನೀರು ಸಿಗುತ್ತದೆ. ಕಷ್ಟವೆಂದರೆ ಹಣ್ಣಿನ ನೀರಿನ ಅಂಟು ಈ ಕಣ್ಣುಗಳನ್ನು ಬೇಗ ಕಟ್ಟಿಬಿಡುತ್ತದೆ.

ಎರಡನೆಯದು ಅಂಟಿಸಿ ಬಿಡಿಸುವುದು. ಸಾಸಿವೆಗಿಂತ ಸಣ್ಣ ರಾಳದ ಹರಳುಗಳನ್ನು ಕೊಳವೆಗೆ ತುಂಬಿ ನೀರು ಹಾಯಿಸಿದರೆ ಪಾಲಿಫಿನಾಲ್‌ಗಳು ಹರಳಿಗೆ ಅಂಟುತ್ತವೆ, ಸಕ್ಕರೆ ಮುಂದೆ ಹೋಗುತ್ತದೆ. ಆಮೇಲೆ ಮದ್ಯಸಾರ ಹಾಯಿಸಿದರೆ ಅಂಟಿದ್ದು ಬಿಟ್ಟು ಬರುತ್ತದೆ. ನೀರನ್ನು ಕುದಿಸುವ ಗೋಜಿಲ್ಲ. ಸ್ಪೇನ್, ಇಟಲಿ, ಗ್ರೀಸ್ ದೇಶಗಳಲ್ಲಿ ಆಲಿವ್ ಕಾಯಿ ಅರೆದು ಎಣ್ಣೆ ತೆಗೆದಾಗ ಉಳಿಯುವ ಕಪ್ಪು ನೀರು ಹೊಳೆಗಳಿಗೆ ದೊಡ್ಡ ಪೀಡೆಯಾಗಿತ್ತು. ಅದರಲ್ಲಿರುವ ಹೈಡ್ರಾಕ್ಸಿಟೈರೋಸಾಲ್ ಎಂಬ ಪಾಲಿಫಿನಾಲನ್ನು ಈಗ ಬೇರ್ಪಡಿಸಿ ಮಾರುತ್ತಾರೆ. ಪಾಲಿಫಿನಾಲ್ ತೆಗೆದರೆ ಇನ್ನೊಂದು ಅನುಕೂಲವಿದೆ: ಬಯೋಗ್ಯಾಸ್ ಗುಂಡಿಯ ಸೂಕ್ಷ್ಮಜೀವಿಗಳಿಗೆ ಅಡ್ಡಿಯಾಗುವುದು ಅದೇ. ತೆಗೆದ ಮೇಲೆ ಉಳಿದ ಸಕ್ಕರೆ ನೀರಿನಿಂದ ಗ್ಯಾಸ್ ಸಲೀಸಾಗಿ ಬರುತ್ತದೆ.

ಮೂರನೆಯದು ಹೆಪ್ಪುಗಟ್ಟಿಸಿ ಇಳಿಸುವುದು. ಲಿಂಬಿಯವಳಾದ ನನಗೆ ಇದರ ಕತೆ ಬಹಳ ಇಷ್ಟ. 1784ರಲ್ಲಿ ಸ್ವೀಡನ್ನಿನ ಕಾರ್ಲ್ ಶೀಲೆ ಲಿಂಬಿ ರಸಕ್ಕೆ ಸುಣ್ಣ ಸೇರಿಸಿ, ಹುಳಿಯನ್ನು ಸುಣ್ಣದ ಲವಣವಾಗಿ ತಳಕ್ಕೆ ಇಳಿಸಿ, ಅದರಿಂದ ಸಿಟ್ರಿಕ್ ಆಮ್ಲವನ್ನು ಹರಳಾಗಿ ಬೇರ್ಪಡಿಸಿದ. ಇಟಲಿಯ ಲಿಂಬಿ ಬೆಳೆಗಾರರು ಇದೇ ವಿಧಾನದಿಂದ ಜಗತ್ತಿಗೆ ಲಿಂಬಿ ಹುಳಿ ಮಾರಿದರು. 1917ರಲ್ಲಿ ಜೇಮ್ಸ್ ಕರಿ ಎಂಬ ವಿಜ್ಞಾನಿ, ಈರುಳ್ಳಿಯ ಮೇಲೆ ಕಪ್ಪಗೆ ಬೆಳೆಯುವ ಬೂಷ್ಟಿನ ಜಾತಿಯ ಶಿಲೀಂಧ್ರ ಸಕ್ಕರೆಯಿಂದ ಸಿಟ್ರಿಕ್ ಆಮ್ಲವನ್ನು ಧಾರಾಳವಾಗಿ ಮಾಡುತ್ತದೆ ಎಂದು ತೋರಿಸಿದ. ಎರಡೇ ವರ್ಷದಲ್ಲಿ ಅಮೆರಿಕದ ಫೈಜರ್ ಕಂಪನಿ ಹಾಗೆ ತಯಾರಿಸಲು ತೊಡಗಿತು. ಇಂದು ಅಂಗಡಿಯಲ್ಲಿ ಸಿಗುವ ನಿಂಬೆ ಉಪ್ಪಿನಲ್ಲಿ ಹೆಚ್ಚಿನದು ಲಿಂಬಿ ಕಂಡದ್ದೇ ಇಲ್ಲ. ಹಾಗಾಗಿ ನನ್ನ ಘಟಕದ ನೀರಿನಿಂದ ಸಿಟ್ರಿಕ್ ಆಮ್ಲ ತೆಗೆಯಬಹುದೇ ಎಂದರೆ ತೆಗೆಯಬಹುದು. ಮಾರಲು ಹೋದರೆ ಆ ಶಿಲೀಂಧ್ರದ ಬೆಲೆಗೆ ನಾನು ನಿಲ್ಲಲಾರೆ. ನೀರಿನಲ್ಲಿ ಏನಿದೆ ಎಂಬುದಕ್ಕಿಂತ ಅದನ್ನು ಬೇರೆ ಯಾರು ಎಷ್ಟಕ್ಕೆ ಮಾಡುತ್ತಾರೆ ಎಂಬುದು ಮೊದಲು ಗೊತ್ತಿರಬೇಕು.

ಹುಣಸೆಯ ಹುಳಿ ಬೇರೆಯದು, ಟಾರ್ಟಾರಿಕ್ ಆಮ್ಲ. ಹಣ್ಣುಗಳಲ್ಲಿ ಇಷ್ಟು ಟಾರ್ಟಾರಿಕ್ ಇರುವುದು ಅಪರೂಪ. ಇದನ್ನು ಜಗತ್ತಿನಲ್ಲಿ ಹೆಚ್ಚಾಗಿ ಪಡೆಯುವುದು ದ್ರಾಕ್ಷಾರಸದ ಪೀಪಾಯಿಗಳ ತಳದಲ್ಲಿ ಕಟ್ಟುವ ಗಸಿಯಿಂದ. ಅಂದರೆ ಅದೂ ಹಣ್ಣಿನ ಕಸದಿಂದ ಬಂದದ್ದೇ. ನಮ್ಮ ಅವ್ವಂದಿರು ಹಿಂಡಿದ ಹುಣಸೆಯ ಗಸಿಯಿಂದ ಹಿತ್ತಾಳೆ ತಂಬಿಗೆ, ತಾಮ್ರದ ಕೊಡ ಬೆಳಗುವಾಗ ಕೆಲಸ ಮಾಡುವುದು ಇದೇ ಆಮ್ಲ. ಲೋಹದ ಮೇಲಿನ ಕಿಲುಬನ್ನು ಅದು ಕರಗಿಸಿಕೊಂಡು ಹೋಗುತ್ತದೆ.

ನಮ್ಮ ರಾಜ್ಯದಲ್ಲಿ ಈ ವಿದ್ಯೆಗೆ ದೊಡ್ಡ ಮನೆ ಮೈಸೂರಿನ ಸಿಎಫ್‌ಟಿಆರ್‌ಐ, 1950ರಲ್ಲಿ ಶುರುವಾದ ಕೇಂದ್ರ ಆಹಾರ ಸಂಶೋಧನಾಲಯ. ಅಲ್ಲಿನ ವಿಜ್ಞಾನಿಗಳು ರಸಪುರಿ ಮತ್ತು ಬಾದಾಮಿ ಮಾವಿನ ಸಿಪ್ಪೆಯನ್ನು ಪರೀಕ್ಷಿಸಿ, ಅದರಲ್ಲಿ ಪಾಲಿಫಿನಾಲ್, ಕೆರೋಟಿನಾಯ್ಡ್ ಮತ್ತು ನಾರಿನಂಶ ಧಾರಾಳವಾಗಿದೆ ಎಂದು 2007ರಲ್ಲಿ ಪ್ರಕಟಿಸಿದರು. ಆಮೇಲೆ ಸಿಪ್ಪೆಯ ಪುಡಿ ಬೆರೆಸಿದ ಬಿಸ್ಕತ್ತನ್ನೂ ಮಾಡಿ ನೋಡಿದರು. ಅವರು ಹಿಡಿದದ್ದು ಒಣ ಸಿಪ್ಪೆಯನ್ನು, ನೀರನ್ನಲ್ಲ. ಅದರಲ್ಲೂ ಒಂದು ಸೂಚನೆ ಇದೆ: ಸತ್ವ ಸಿಪ್ಪೆಯಲ್ಲಿರುವಾಗಲೇ ಹಿಡಿದರೆ ನೀರಿನಲ್ಲಿ ಹುಡುಕುವ ಪ್ರಸಂಗವೇ ಬರುವುದಿಲ್ಲ.

ನಮ್ಮ ಮಣ್ಣಿಗೆ ಉಪ್ಪು ಬೇಡ

ವಡಗೇರಾದಲ್ಲಿ ಕುಳಿತು ಇಷ್ಟನ್ನೆಲ್ಲ ಓದಿದ ಮೇಲೆ ನಮ್ಮಲ್ಲಿ ಏನು ಮಾಡಬಹುದು? ಒಂದು ಕಡೆ ಭೀಮೆ, ಇನ್ನೊಂದು ಕಡೆ ಕೃಷ್ಣೆ. ಯಾದಗಿರಿ, ಶಹಾಪುರ, ಸುರಪುರದವರು ನಮಗೇನು ನೀರಿನ ಚಿಂತೆ ಎಂದುಕೊಳ್ಳಬಹುದು. ಕಾಲುವೆಯ ಕೊನೆಯ ಹೊಲದವರನ್ನು, ನಲವತ್ತು ಡಿಗ್ರಿ ದಾಟಿದ ಬೇಸಿಗೆಯಲ್ಲಿ ಕೊಡ ಹಿಡಿದು ನಿಂತವರನ್ನು ಕೇಳಿದರೆ ನಿಜ ಗೊತ್ತಾಗುತ್ತದೆ.

ಉಪ್ಪಿನಕಾಯಿ ಮಾಡುವವರಿಗೆ ಇನ್ನೊಂದು ತೊಡಕಿದೆ, ಉಪ್ಪು. ನಮ್ಮದು ಎರೆ ಭೂಮಿ. ನಾರಾಯಣಪುರ ಎಡದಂಡೆ ಕಾಲುವೆಯ ನೀರು ಕೆಲವು ಕಡೆ ಬಸಿಯದೆ ನಿಂತು, ಹೊಲ ಸವಳಾಗಿ ಬೆಳ್ಳಗೆ ಬಿರಿದಿರುವುದನ್ನು ರೈತರು ನೋಡುತ್ತಲೇ ಇದ್ದಾರೆ. ಉಪ್ಪಿನ ಸೋಡಿಯಂ ಎರೆ ಮಣ್ಣಿನ ಕಣಗಳನ್ನು ಬಿಡಿಬಿಡಿ ಮಾಡುತ್ತದೆ. ಮಣ್ಣು ಹಸಿಯಿದ್ದಾಗ ಅಂಟಾಗಿ, ಒಣಗಿದಾಗ ಕಲ್ಲಾಗಿ, ನೀರು ಇಂಗದೆ ನಿಲ್ಲುತ್ತದೆ. ಸಕ್ಕರೆ ನೀರು ಹೊಲಕ್ಕೆ ಬಿದ್ದರೆ ಕೆಲವು ದಿನಕ್ಕೆ ಕೊಳೆತು ಮಣ್ಣಾಗುತ್ತದೆ. ಉಪ್ಪು ಕೊಳೆಯುವುದಿಲ್ಲ, ಬಿದ್ದಲ್ಲೇ ವರ್ಷ ವರ್ಷ ಕೂಡುತ್ತ ಹೋಗುತ್ತದೆ.

ಹಣ್ಣಿನ ನೀರಿಗೆ ಉಪ್ಪಿನ ನೀರು ಬೆರೆತರೆ ಎರಡೂ ಕೆಟ್ಟವು: ಮೊದಲನೆಯದನ್ನು ಹೊಲಕ್ಕೆ ಬಿಡುವ ಹಾಗಿಲ್ಲ, ತೊಕ್ಕಿಗೆ ಮರಳಿ ಹಾಕುವ ಹಾಗಿಲ್ಲ, ಎರಡನೆಯದನ್ನು ಒಣಗಿಸಿ ಉಪ್ಪು ತೆಗೆಯುವ ಹಾಗಿಲ್ಲ. ಅದಕ್ಕೇ ನಾವು ಮೂರು ನೀರು ಎಂದು ಬೇರೆ ಮಾಡಿದ್ದೇವೆ.

ಮಣ್ಣು ನೀರು ಎಂದರೆ ಹಸಿ ಹಣ್ಣನ್ನು ಮೊದಲು ತೊಳೆದದ್ದು. ಅದರಲ್ಲಿ ಧೂಳು, ಎಣ್ಣೆ ಹೊಡೆದ ಹೊಲದಿಂದ ಬಂದ ಔಷಧ ಇರಬಹುದು. ಅದರಿಂದ ಏನನ್ನೂ ತೆಗೆಯಬಾರದು. ಒಂದು ಮಾತು ನೆನಪಿರಲಿ: ನೀರು ಇಂಗಿಸಿದಾಗ ಒಳ್ಳೆಯದು ಮಾತ್ರ ದಪ್ಪಗಾಗುವುದಿಲ್ಲ, ಔಷಧದ ಅಂಶವೂ ದಪ್ಪಗಾಗುತ್ತದೆ.

ಉಪ್ಪು ನೀರು ಪ್ಲಾಸ್ಟಿಕ್ ಹಾಸಿದ ತಗ್ಗು ತೊಟ್ಟಿಗೆ ಹೋಗುತ್ತದೆ. ಅದಕ್ಕೆ ನಮ್ಮ ಸೂರ್ಯನೇ ಒಲೆ. ತಳದಲ್ಲಿ ಉಳಿದ ಉಪ್ಪನ್ನು ತಿನ್ನಲು ಬಳಸುವುದಿಲ್ಲ, ಚೀಲದಲ್ಲಿ ಕಟ್ಟಿಡುತ್ತೇವೆ. ಇದರಲ್ಲಿ ಲಾಭವಿಲ್ಲ, ಹೊಲ ಉಳಿಯುತ್ತದೆ ಅಷ್ಟೇ.

ಹಣ್ಣಿನ ನೀರಿಗೆ ಮೂರು ಡ್ರಮ್ಮು. ಡಬರಿಯನ್ನು ಮೂರು ಸಲ ತೊಳೆಯುತ್ತೇವೆ, ಹೊಸ ನೀರು ಬೀಳುವುದು ಮೂರನೆಯ ಸಲ ಮಾತ್ರ. ಆ ನೀರು ಮುಂದಿನ ಡಬರಿಯ ಎರಡನೆಯ ತೊಳೆತಕ್ಕೆ, ಅದರದು ಅದರ ಮುಂದಿನದರ ಮೊದಲ ತೊಳೆತಕ್ಕೆ. ಹೊಸ ನೀರಿನ ಖರ್ಚು ಮೂರನೇ ಒಂದು ಪಾಲಿಗೆ ಇಳಿಯುತ್ತದೆ, ಮೊದಲ ಡ್ರಮ್ಮಿನ ನೀರು ದಪ್ಪಗಾಗುತ್ತದೆ. ಹುಣಸೆಯದಾದರೆ ಅದೇ ದಿನ ಕುದಿಸಿ ಮುಂದಿನ ಹುಣಸೆ ನೆನೆಸಲು ಹಾಕುತ್ತೇವೆ. ರಾತ್ರಿ ಉಳಿಸುವುದಿಲ್ಲ, ನಮ್ಮ ಸೆಕೆಗೆ ಬೆಳಗಾಗುವಷ್ಟರಲ್ಲಿ ಹುಳಿತು ನೊರೆ ಬಂದಿರುತ್ತದೆ. ಜೂಸಿನವರು ಬಳಸುವ ಕೈ ಬ್ರಿಕ್ಸ್ ಮೀಟರಿನ ಗಾಜಿಗೆ ಎರಡು ಹನಿ ಬಿಟ್ಟು ಬೆಳಕಿಗೆ ಹಿಡಿದರೆ ನೀರು ಎಷ್ಟು ದಪ್ಪಗಿದೆ ಎಂದು ತಿಳಿಯುತ್ತದೆ. ‘ಹೊಲಸ ನೀರಾಗ ಏನದರೀ’ ಎಂದವರು ಈಗ ನನಗಿಂತ ಮೊದಲು ಮೀಟರ್ ಕಣ್ಣಿಗೆ ಇಟ್ಟುಕೊಳ್ಳುತ್ತಾರೆ.

ಶರಬತ್ತಿನ ಹಂಗಾಮಿನಲ್ಲಿ ಹಿಂಡಿದ ಲಿಂಬಿ ಸಿಪ್ಪೆ ರಾಶಿ ಬೀಳುತ್ತದೆ. ಎಲ್ಲವೂ ಉಪ್ಪಿನಕಾಯಿಗೆ ಆಗುವುದಿಲ್ಲ. ಉಪ್ಪು ತಾಗದ ಸಿಪ್ಪೆಯನ್ನು ಒಮ್ಮೆ ನೀರಿನಲ್ಲಿ ಕುದಿಸಿ ಕಹಿ ಬಸಿದು, ಎರಡನೆಯ ಸಲ ಸ್ವಲ್ಪ ಲಿಂಬಿ ರಸ ಹಿಂಡಿ ಮಂದ ಉರಿಯಲ್ಲಿ ಬೇಯಿಸಿ, ಅರಿವೆಯಲ್ಲಿ ಸೋಸಿದರೆ ಜಾರುವ ನೀರು ಸಿಗುತ್ತದೆ. ಅದರಲ್ಲಿರುವುದು ಪೆಕ್ಟಿನ್. ಜಾಮ್ ಡಬ್ಬಿಯ ಮೇಲೆ ಇ 440 ಎಂದು ಅಚ್ಚಾಗಿರುತ್ತದಲ್ಲ, ಅದೇ. ಆರಿದ ಮೇಲೆ ಒಂದು ಚಮಚವನ್ನು ಬೇರೆ ಬಟ್ಟಲಿಗೆ ತೆಗೆದು ಅಷ್ಟೇ ಸ್ಪಿರಿಟ್ ಬೆರೆಸಿ ನೋಡಿ. ಪೆಕ್ಟಿನ್ ಚೆನ್ನಾಗಿದ್ದರೆ ಮುದ್ದೆಯಾಗಿ ಕೂಡುತ್ತದೆ, ಕಡಿಮೆಯಿದ್ದರೆ ಎಳೆ ಎಳೆಯಾಗಿ ಒಡೆಯುತ್ತದೆ. ಪರೀಕ್ಷೆಯ ಚಮಚವನ್ನು ಚೆಲ್ಲಬೇಕು, ಬಾಯಿಗೆ ಹಾಕಬಾರದು. ಉಳಿದ ನೀರು ತಾನಾಗಿ ಗಟ್ಟಿಯಾಗದ ಹಣ್ಣಿನ ಜಾಮಿಗೆ ಬರುತ್ತದೆ. ಪುಡಿ ಪೆಕ್ಟಿನ್ ಮಾಡಿ ಮಾರುವ ಕನಸು ನಮಗಿಲ್ಲ. ಅದಕ್ಕೆ ಮದ್ಯಸಾರ, ಪರವಾನಗಿ, ಒಣಗಿಸುವ ಯಂತ್ರ ಎಲ್ಲ ಬೇಕು.

ಎರಡು ಗಟಾರ

ಪೊರೆ, ರಾಳದ ಕೊಳವೆ ಒಂದೊಂದು ಸಣ್ಣ ಘಟಕಕ್ಕೆ ಎಟಕುವ ಮಾತಲ್ಲ. ಶ್ರೀನಿವಾಸಪುರದ ಸುತ್ತಿನ ಮಾವು, ಇಂಡಿ, ಸಿಂದಗಿ ಕಡೆಯ ಲಿಂಬಿ, ಹೀಗೆ ಒಂದೇ ಹಣ್ಣು ಒಂದೇ ಕಡೆ ರಾಶಿ ಬೀಳುವ ಜಾಗದಲ್ಲಿ ಹತ್ತಾರು ಘಟಕ ಸೇರಿ ಒಂದನ್ನು ನಡೆಸಬಹುದು. ಹಂಗಾಮು ಎರಡು ಮೂರು ತಿಂಗಳದು. ಉಳಿದ ತಿಂಗಳು ಯಂತ್ರ ಸುಮ್ಮನೆ ನಿಲ್ಲದಂತೆ ಬೇರೆ ಬೇರೆ ಕಾಲದ ಹಣ್ಣುಗಳನ್ನು ಜೋಡಿಸಬೇಕಾಗುತ್ತದೆ. ರಾಯಚೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಆಹಾರ ಸಂಸ್ಕರಣೆಯ ಎಂಜಿನಿಯರುಗಳಿದ್ದಾರೆ, ನಮ್ಮ ಪಕ್ಕದ ಭೀಮರಾಯನಗುಡಿಯಲ್ಲೇ ಅದರ ಕೃಷಿ ಕಾಲೇಜಿದೆ. ಕೇಳುವವರು ಕೇಳಿದರೆ ನಮ್ಮ ನೀರಿಗೆ ತಕ್ಕ ಸಣ್ಣ ವಿಧಾನವನ್ನು ಅವರು ಪರೀಕ್ಷಿಸಿ ಹೇಳಬಲ್ಲರು.

ಸಣ್ಣ ಘಟಕಗಳಿಗೆ ಹಣದ ದಾರಿಯೂ ತೆರೆಯಿತು. 2020ರಲ್ಲಿ ಬಂದ ಕೇಂದ್ರದ ಕಿರು ಆಹಾರ ಸಂಸ್ಕರಣಾ ಯೋಜನೆಯಲ್ಲಿ ಶೇ. 35ರ ತನಕ, ಹೆಚ್ಚೆಂದರೆ 10 ಲಕ್ಷ ರೂಪಾಯಿ ಸಹಾಯಧನ ನಿಗದಿಯಾಯಿತು. ನಮ್ಮ ರಾಜ್ಯ ಅದರ ಮೇಲೆ ಶೇ. 15 ಸೇರಿಸಿತು. ಆ ದುಡ್ಡಿನಲ್ಲಿ ಎಲ್ಲರೂ ಮೊದಲು ಬರೆಸುವುದು ಗ್ರೈಂಡರು, ಬಾಟಲಿ ತುಂಬುವ ಯಂತ್ರ, ಲೇಬಲ್ಲು. ಗಟಾರವನ್ನು ಯಾರೂ ಬರೆಸುವುದಿಲ್ಲ. ಅದನ್ನು ಮೇಸ್ತ್ರಿಯ ಪಾಲಿಗೆ ಬಿಡುತ್ತಾರೆ. ಮೇಸ್ತ್ರಿ ಎಲ್ಲ ನೀರೂ ಹತ್ತಿರದ ದಾರಿಯಲ್ಲಿ ಹೊರಗೆ ಹೋಗುವಂತೆ ಒಂದೇ ಗಟಾರ ತೆಗೆಯುತ್ತಾನೆ. ಸಿಮೆಂಟು ಬಿದ್ದ ಮೇಲೆ ನೀರು ಬೇರೆ ಮಾಡುವುದೆಂದರೆ ನೆಲ ಒಡೆಯುವುದು.

ಹೊಸದಾಗಿ ಘಟಕ ಕಟ್ಟಿಸಲು ಹೊರಟ ಅಕ್ಕತಂಗಿಯರಿಗೆ, ತಮ್ಮಂದಿರಿಗೆ ನಾನು ಹೇಳುವುದು ಇಷ್ಟೇ. ನೆಲಕ್ಕೆ ಗಿಲಾಯಿ ಹಾಕುವ ಮೊದಲು ಎರಡು ಗಟಾರ ತೆಗೆಸಿ, ಉಪ್ಪಿಗೊಂದು, ಹಣ್ಣಿಗೊಂದು. ಮಣ್ಣು ನೀರಿನ ಕಟ್ಟೆ ಹೊರಗೇ ಇರಲಿ. ಹಣ್ಣಿನ ಗಟಾರದ ತುದಿಯಲ್ಲಿ ಡ್ರಮ್ಮು ಕೂರುವಷ್ಟು ಜಾಗ ಬಿಡಿ. ಇವತ್ತು ಆ ಡ್ರಮ್ಮಿನ ನೀರನ್ನು ಮರಳಿ ತೊಕ್ಕಿಗೇ ಹಾಕುತ್ತೀರೋ, ಮುಂದೆ ಯಾರಾದರೂ ಪೊರೆಯ ಯಂತ್ರ ತಂದರೆ ಅವರಿಗೆ ಕೊಡುತ್ತೀರೋ, ಆಮೇಲಿನ ಮಾತು. ಎರಡನೆಯ ಗಟಾರಕ್ಕೆ ತಗಲುವುದು ಒಂದಷ್ಟು ಇಟ್ಟಿಗೆ, ಸಿಮೆಂಟು, ಮೇಸ್ತ್ರಿಯ ಕೂಲಿ. ಮೇಸ್ತ್ರಿ ‘ಎರಡ್ಯಾಕ್ರೀ, ಹೋಗೂದು ಹೊಲಸ ನೀರೇ ಅಲ್ಲೇನ್ರೀ’ ಎಂದು ಕೇಳಿಯೇ ಕೇಳುತ್ತಾನೆ. ಅವನಿಗೂ ಒಮ್ಮೆ ಬ್ರಿಕ್ಸ್ ಮೀಟರ್ ಕೊಟ್ಟು ನೋಡಲು ಹೇಳಿ.